ಸೋಪು ಮಾಡುವ ಕಿಟ್: ಡಬ್ಬಿಯಲ್ಲಿ ಏನಿದೆ, ಏನಿರಬೇಕಿತ್ತು

ಆನ್‌ಲೈನ್ ಅಂಗಡಿಗಳಲ್ಲಿ ಸೋಪ್ ಮೇಕಿಂಗ್ ಕಿಟ್ ಎಂದು ಹುಡುಕಿದರೆ ಹತ್ತಾರು ಹೆಸರಿನ ಡಬ್ಬಿಗಳು ಬರುತ್ತವೆ. ಹೆಸರು ಬೇರೆಯಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಅರ್ಧ ಕಿಲೋ ಅಥವಾ ಒಂದು ಕಿಲೋ ಸೋಪ್ ಬೇಸ್, ಹೂವಿನ ಆಕಾರದ ಸಿಲಿಕೋನ್ ಅಚ್ಚು, 10 ಎಂಎಲ್‌ನ ಮೂರು ನಾಲ್ಕು ಸುಗಂಧದ ಬಾಟಲಿ, ಚಿಟಿಕೆಯಷ್ಟು ಮೈಕಾ ಎಂಬ ಮಿರುಗುವ ಬಣ್ಣದ ಪುಡಿಯ ಪೊಟ್ಟಣಗಳು, ಒಣ ಗುಲಾಬಿ ಎಸಳು, ಕಲಕಲು ಮರದ ಕಡ್ಡಿ, ಕಟ್ಟಲು ರಿಬ್ಬನ್ನು. ಇನ್ನೊಂದು ಬಗೆ ಕೋಲ್ಡ್ ಪ್ರೊಸೆಸ್ ಕಿಟ್, ಅಂದರೆ ಒಲೆಯ ಮೇಲೆ ಬೇಯಿಸದೆ ಎಣ್ಣೆಯಿಂದಲೇ ಸೋಪು ಮಾಡುವಂಥದ್ದು. ಅದು ಸಿಗುವುದು ಕಡಿಮೆ. ಅದರಲ್ಲಿ ಎಣ್ಣೆ, ಕಾಸ್ಟಿಕ್ ಸೋಡಾ, ಕೈಗವಸು, ಬ್ರೆಡ್ಡಿನ ಆಕಾರದ ಉದ್ದ ಅಚ್ಚು ಇರುತ್ತವೆ. ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಡಬ್ಬಿಯದಲ್ಲ. ಎರಡೂ ಬಗೆಯ ಕಿಟ್‌ಗಳಲ್ಲಿ ಬರುವ ಸಾಮಾನಿನದು, ಮತ್ತು ಅವುಗಳಲ್ಲಿ ಬಾರದ, ಆದರೆ ಇಲ್ಲದಿದ್ದರೆ ಕೆಲಸವೇ ಸಾಗದ ಸಾಮಾನಿನದು.

ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿಟ್‌ಗೆ ಕೊಟ್ಟ ಹಣದ ಬಹುಪಾಲು ಕಣ್ಣಿಗೆ ಚಂದ ಕಾಣುವುದಕ್ಕೆ ಹೋಗಿರುತ್ತದೆ. ಸೋಪು ಚೆನ್ನಾಗಿ ಆಗುವುದೂ ಕೆಡುವುದೂ ತೂಕದಲ್ಲಿ. ಆ ತೂಕ ಮಾಡುವ ತಕ್ಕಡಿಯನ್ನು ಮಾತ್ರ ಯಾರೂ ಡಬ್ಬಿಯೊಳಗೆ ಇಡುವುದಿಲ್ಲ.

ಬೇಸ್ ಕರಗಿಸಿ ಸುರಿಯುವ ಕಿಟ್

ಬೇಸ್ ಎಂದರೆ ಆಗಲೇ ಸೋಪಾಗಿರುವ ವಸ್ತು. ಕಾರ್ಖಾನೆಯಲ್ಲಿ ಎಣ್ಣೆಗೂ ಕಾಸ್ಟಿಕ್‌ಗೂ ರಾಸಾಯನಿಕ ಕ್ರಿಯೆ ಮುಗಿದಿದೆ. ಮನೆಯಲ್ಲಿ ಉಳಿದಿರುವುದು ಕರಗಿಸಿ, ಬಣ್ಣ ವಾಸನೆ ಸೇರಿಸಿ, ಅಚ್ಚಿಗೆ ಹೊಯ್ಯುವ ಕೆಲಸ. ಮಕ್ಕಳ ಜೊತೆ ಕೂತು ಮಾಡಲು, ಗೃಹಪ್ರವೇಶಕ್ಕೋ ನಾಮಕರಣಕ್ಕೋ ಐವತ್ತು ಉಡುಗೊರೆ ಸೋಪು ಬೇಕಾದಾಗ ಇದೇ ಸರಿಯಾದ ದಾರಿ. ಸಂಜೆ ಮಾಡಿದ್ದನ್ನು ಮರುದಿನ ಬಳಸಬಹುದು. ಆದರೆ ಕಿಟ್‌ನ ಮೇಲೆ ‘ಕಾಸ್ಟಿಕ್ ಇಲ್ಲದ ಸೋಪು’ ಎಂದು ಬರೆದಿದ್ದರೆ ಆ ಮಾತನ್ನು ಒಪ್ಪಬಾರದು. ಕಾಸ್ಟಿಕ್ ಇಲ್ಲದೆ ಸೋಪೇ ಇಲ್ಲ. ಅದನ್ನು ಬೇರೆಯವರು ಮೊದಲೇ ಹಾಕಿದ್ದಾರೆ, ಕ್ರಿಯೆ ಮುಗಿದ ಮೇಲೆ ಅದು ಕಾಸ್ಟಿಕ್ ಆಗಿ ಉಳಿದಿಲ್ಲ, ಅಷ್ಟೇ.

ಬೇಸ್ ಕೊಳ್ಳುವಾಗ ‘ಆಡಿನ ಹಾಲು’, ‘ಶಿಯಾ’, ‘ಲೋಳೆಸರ’ ಎಂಬ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಬದಿಯ ಪದಾರ್ಥಗಳ ಪಟ್ಟಿ ಓದಬೇಕು. ಸೋಡಿಯಂ ಸ್ಟಿಯರೇಟ್, ಸೋಡಿಯಂ ಕೊಕೊಯೇಟ್, ಗ್ಲಿಸರಿನ್, ಸಾರ್ಬಿಟಾಲ್, ಪ್ರೊಪಿಲೀನ್ ಗ್ಲೈಕಾಲ್ ಇರುವುದು ಸಾಮಾನ್ಯ. ಪಾರದರ್ಶಕವಾಗಿ ಕಾಣಲು, ಮತ್ತೆ ಮತ್ತೆ ಕರಗಲು ಇವು ಬೇಕು. ಸೋಡಿಯಂ ಲಾರೆತ್ ಸಲ್ಫೇಟ್ ಪಟ್ಟಿಯ ಮೇಲ್ಭಾಗದಲ್ಲೇ ಇದ್ದರೆ ಅದು ಡಿಟರ್ಜೆಂಟ್ ಬೆರೆಸಿದ ಬೇಸ್. ನೊರೆ ಧಾರಾಳ, ಒಣ ಚರ್ಮದವರಿಗೆ ಹಿಡಿಸದೆ ಇರಬಹುದು. ಪಟ್ಟಿಯನ್ನೇ ಹಾಕದ ಬೇಸ್ ಕೊಳ್ಳಬೇಡಿ.

ಕರಗಿಸುವಾಗ ಆಗುವ ತಪ್ಪು ಒಂದೇ, ಉರಿ ಹೆಚ್ಚಾಗುವುದು. ಬೇಸನ್ನು ಒಂದಿಂಚಿನ ತುಂಡು ಮಾಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60ರಿಂದ 70 ಡಿಗ್ರಿಯೊಳಗೆ ಕರಗಿಸಬೇಕು. ಮೈಕ್ರೋವೇವ್ ಆದರೆ 20-30 ಸೆಕೆಂಡಿನ ಕಂತು. ಕುದಿ ಬಂದರೆ ನೀರಿನಂಶ ಹೋಗಿ ಬೇಸ್ ರಬ್ಬರಿನಂತಾಗುತ್ತದೆ, ಹಳದಿ ತಿರುಗುತ್ತದೆ. ಕಾಫಿಪುಡಿ, ಓಟ್ಸ್, ಗಸಗಸೆಯಂಥ ತರಿ ಹಾಕುವುದಿದ್ದರೆ 50 ಡಿಗ್ರಿಗೆ ಇಳಿದು ಸ್ವಲ್ಪ ಗಟ್ಟಿಯಾಗತೊಡಗಿದ ಮೇಲೆ ಹಾಕಬೇಕು, ಬಿಸಿಯಲ್ಲೇ ಹಾಕಿದರೆ ಎಲ್ಲ ತಳಕ್ಕೆ ಕೂರುತ್ತದೆ. ಮೇಲೆ ಗುಳ್ಳೆ ಬಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಸಿಂಪಡಿಕೆ ಸಾಕು. ಎರಡು ಬಣ್ಣದ ಪದರ ಹಾಕುವಾಗಲೂ ನಡುವೆ ಅದನ್ನೇ ಸಿಂಪಡಿಸಬೇಕು, ಇಲ್ಲವಾದರೆ ಬಳಸುವಾಗ ಪದರಗಳು ಬೇರ್ಪಡುತ್ತವೆ.

ಕಿಟ್‌ನ ಲೆಕ್ಕ ತಪ್ಪುವುದು ಸುಗಂಧದಲ್ಲಿ. ಒಂದು ಕಿಲೋ ಬೇಸ್‌ಗೆ ಶೇ 2ರಂತೆ 20 ಗ್ರಾಂ ಸುಗಂಧ ಸಾಕು. ಡಬ್ಬಿಯಲ್ಲಿ ನಾಲ್ಕು ಬಾಟಲಿ, ಅಂದರೆ 40 ಎಂಎಲ್ ಇರುತ್ತದೆ. ಕೊಟ್ಟಿದ್ದಾರಲ್ಲ ಎಂದು ಅಷ್ಟನ್ನೂ ಸುರಿದರೆ ಸೋಪಿನ ಮೇಲೆ ಎಣ್ಣೆ ಜಿನುಗುತ್ತದೆ, ಮೈ ಉರಿಯುತ್ತದೆ. ಗುಲಾಬಿ ಎಸಳು ಫೋಟೋಗೆ ಮಾತ್ರ ಚೆನ್ನ. ಒಳಗೆ ಹಾಕಿದರೆ ಕೆಲವೇ ದಿನಗಳಲ್ಲಿ ಕಂದು ತಿರುಗಿ ಸತ್ತ ಹುಳುವಿನಂತೆ ಕಾಣುತ್ತದೆ. ಅರಿಶಿನದ ಗಂಧ, ಲೋಳೆಸರದ ತಾಜಾ ತಿರುಳು, ಹಾಲು, ಸೌತೆಕಾಯಿ ರಸ ಇವುಗಳನ್ನು ಕರಗಿದ ಬೇಸ್‌ಗೆ ಬೆರೆಸುವುದನ್ನು ಎಷ್ಟೋ ವಿಡಿಯೋಗಳು ತೋರಿಸುತ್ತವೆ. ಹಸಿ ಪದಾರ್ಥ ಈ ಸೋಪಿನಲ್ಲಿ ಬೂಸ್ಟು ಹಿಡಿಯುತ್ತದೆ. ಹಾಕಬೇಡಿ.

ನಮ್ಮ ಕರಾವಳಿ, ಮಲೆನಾಡಿನವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಬೇಸ್‌ನಲ್ಲಿ ಗ್ಲಿಸರಿನ್ ಹೆಚ್ಚು, ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಒಂದು ರಾತ್ರಿ ತಟ್ಟೆಯ ಮೇಲೆ ಬಿಟ್ಟರೆ ಬೆಳಗ್ಗೆ ಸೋಪು ಬೆವರಿರುತ್ತದೆ. ಕೆಟ್ಟಿಲ್ಲ, ಆದರೆ ಮಾರಲು ಆಗುವುದಿಲ್ಲ. ಅಚ್ಚಿನಿಂದ ತೆಗೆದ ಕೂಡಲೇ ಕ್ಲಿಂಗ್ ಫಿಲ್ಮ್ ಸುತ್ತಬೇಕು. ಆ ಫಿಲ್ಮ್ ಕೂಡ ಕಿಟ್‌ನಲ್ಲಿ ಬರುವುದಿಲ್ಲ.

ಕೋಲ್ಡ್ ಪ್ರೊಸೆಸ್: ತಕ್ಕಡಿಯಿಂದ ಶುರು

ಎಣ್ಣೆಯಿಂದಲೇ ಸೋಪು ಮಾಡುವವರಿಗೆ ಮೊದಲ ಖರ್ಚು ತಕ್ಕಡಿ. ಯಾಕೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಸಾಮಾನ್ಯವಾಗಿ ಎಣ್ಣೆಯ ಶೇ 5ರಷ್ಟು ಸೋಪಾಗದೆ ಉಳಿಯುವಂತೆ ಕಾಸ್ಟಿಕ್ ಅನ್ನು ಕಡಿಮೆ ಹಾಕುತ್ತಾರೆ. ಇದನ್ನು ಸೂಪರ್‌ಫ್ಯಾಟ್ ಎನ್ನುತ್ತಾರೆ. ಚರ್ಮಕ್ಕೆ ಇರುವ ರಕ್ಷಣೆ ಅದೊಂದೇ. ಕಿಟ್‌ಗಳು ಹೇಳುವಂತೆ 250 ಗ್ರಾಂ ಎಣ್ಣೆಯ ಪುಟ್ಟ ಬ್ಯಾಚ್ ಮಾಡಿದರೆ ಬೇಕಾಗುವ ಕಾಸ್ಟಿಕ್ ಸುಮಾರು 36 ಗ್ರಾಂ. ತಕ್ಕಡಿ 2 ಗ್ರಾಂ ಕಡಿಮೆ ತೋರಿಸಿದರೆ ಶೇ 5ಕ್ಕಿಂತ ಹೆಚ್ಚು ತಪ್ಪಿತು, ರಕ್ಷಣೆಯೆಲ್ಲ ಹೋಯಿತು. ಅದೇ 2 ಗ್ರಾಂ ತಪ್ಪು ಒಂದು ಕಿಲೋ ಎಣ್ಣೆಯ ಬ್ಯಾಚಿನಲ್ಲಿ ಶೇ 1.4 ಮಾತ್ರ. ಆದ್ದರಿಂದ 1 ಗ್ರಾಂವರೆಗೆ ತೋರಿಸುವ, 5 ಕಿಲೋ ಹೊರುವ ಅಡುಗೆಮನೆ ತಕ್ಕಡಿಯಲ್ಲಿ 500 ಗ್ರಾಂ ಎಣ್ಣೆಗಿಂತ ಚಿಕ್ಕ ಬ್ಯಾಚ್ ಮಾಡಲೇಬಾರದು. ಕಲಿಯುವವರು ಚಿಕ್ಕದರಿಂದ ಶುರುಮಾಡಲಿ ಎನ್ನುವ ಕಿಟ್‌ನ ಸಲಹೆ ಒಳ್ಳೆಯ ಮನಸ್ಸಿನದೇ ಇರಬಹುದು, ಲೆಕ್ಕದಲ್ಲಿ ಮಾತ್ರ ಅಪಾಯದ್ದು.

ತಕ್ಕಡಿ ಸರಿಯಿದೆಯೇ ನೋಡಲು 10 ರೂಪಾಯಿಯ 10 ನಾಣ್ಯ ಇಡಿ, ಸುಮಾರು 77 ಗ್ರಾಂ ತೋರಿಸಬೇಕು. ಕೊಳ್ಳುವಾಗ ಇನ್ನೊಂದು ಕೇಳಬೇಕು: ತಾನಾಗಿಯೇ ಆಫ್ ಆಗುವುದು ಎಷ್ಟು ಹೊತ್ತಿಗೆ? ಎಣ್ಣೆಯನ್ನು ನಿಧಾನ ಸುರಿಯುತ್ತಿರುವಾಗ ಅರ್ಧದಲ್ಲೇ ತಕ್ಕಡಿ ಆರಿಹೋದರೆ ಸೊನ್ನೆ ಮಾಡಿಟ್ಟ ತೂಕ ಹೋಯಿತು, ಎಷ್ಟು ಸುರಿದೆವು ಎನ್ನುವುದೂ ಹೋಯಿತು. ಅಗ್ಗದ ತಕ್ಕಡಿಗಳಲ್ಲಿ ಇದು ದೊಡ್ಡ ತೊಂದರೆ.

ಕಾಸ್ಟಿಕ್ ಸೋಡಾ

ಸೋಪಿಗೆ ಬೇಕಾದದ್ದು ಸೋಡಿಯಂ ಹೈಡ್ರಾಕ್ಸೈಡ್. ಚಕ್ಕೆ, ಮಣಿ ಎರಡು ರೂಪದಲ್ಲಿ ಸಿಗುತ್ತದೆ. ಮಣಿಯಂಥದ್ದು ತೂಗಲು ಸುಲಭ, ಚಕ್ಕೆ ಅಗ್ಗ. ಶುದ್ಧತೆ ಶೇ 97ಕ್ಕಿಂತ ಮೇಲಿದ್ದರೆ ಎರಡೂ ಸರಿ. ಮೋರಿಯ ಕೊಳವೆ ಕಟ್ಟಿದಾಗ ಹಾಕುವ ಪುಡಿಯಲ್ಲೂ ಕಾಸ್ಟಿಕ್ ಇರಬಹುದು, ಅದರ ಜೊತೆ ಬೇರೆ ಪದಾರ್ಥ, ಕೆಲವೊಮ್ಮೆ ಅಲ್ಯೂಮಿನಿಯಂ ಚೂರು ಕೂಡ ಇರುತ್ತದೆ. ಅದು ಸೋಪಿಗೆ ಬೇಡವೇ ಬೇಡ.

ಕಿಟ್‌ನಲ್ಲಿ ಬರುವ ಕಾಸ್ಟಿಕ್‌ನ ದೋಷ ಅದರ ಪೊಟ್ಟಣ. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಸೋಡಾ ಗಾಳಿಯ ತೇವವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೀರುತ್ತದೆ. ಚಕ್ಕೆಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದರೆ ಅದರ ಕಸುವು ಇಳಿದಿದೆ ಎಂದರ್ಥ: ತೂಕ ಅಷ್ಟೇ ಇದ್ದರೂ ಅದರಲ್ಲಿ ನೀರು ಮತ್ತು ಸೋಡಿಯಂ ಕಾರ್ಬೊನೇಟ್ ಸೇರಿಕೊಂಡಿವೆ. ಅಂಥದ್ದರಿಂದ ಮಾಡಿದ ಸೋಪು ಮೆತ್ತಗಾಗುತ್ತದೆ, ಬೇಗ ಕಮಟುತ್ತದೆ. ತೆರೆದ ಕೂಡಲೇ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳ ತಿರುಗಿಸಬೇಕು, ಹೆಸರು ಬರೆದು ಅಂಟಿಸಬೇಕು. ಉಪ್ಪಿನ ಡಬ್ಬಿಯಂತೆ ಕಾಣುವ ಡಬ್ಬಿಯಲ್ಲಿ ಇಡಲೇಬಾರದು.

ಪಾತ್ರೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಸ್ಟೀಲ್ ಅಥವಾ ದಪ್ಪ ಪಾಲಿಪ್ರೊಪಿಲೀನ್ ಜಗ್ ಮಾತ್ರ. ಹಳೆಯದು ಎಂದು ಅಟ್ಟದಿಂದ ಇಳಿಸಿದ ಅಲ್ಯೂಮಿನಿಯಂ ಬೋಗುಣಿಗೆ ಕಾಸ್ಟಿಕ್ ನೀರು ಬಿದ್ದರೆ ಹೈಡ್ರೋಜನ್ ಅನಿಲ ಬುರಬುರನೆ ಏಳುತ್ತದೆ, ಪಾತ್ರೆ ತೂತಾಗುತ್ತದೆ. ಗಾಜನ್ನು ಕಾಸ್ಟಿಕ್ ನಿಧಾನವಾಗಿ ತಿನ್ನುತ್ತದೆ, ಒಂದು ದಿನ ಬಿಸಿಗೆ ಸೀಳುತ್ತದೆ. ಕಿಟ್‌ನ ಮರದ ಕಡ್ಡಿ ಎಳೆ ಎಳೆಯಾಗಿ ಬಿಡುತ್ತದೆ. ಉದ್ದ ಹಿಡಿಕೆಯ ಸ್ಟೀಲ್ ಚಮಚ ಸಾಕು.

ಕೈಗವಸು ಕಿಟ್‌ನಲ್ಲಿ ಇರುತ್ತದೆ, ಕನ್ನಡಕ ಇರುವುದಿಲ್ಲ. ಇದು ಕ್ಷಮಿಸಲಾಗದ ಕೊರತೆ. ಕೈಗೆ ಬಿದ್ದ ಹನಿಯನ್ನು ತೊಳೆದುಕೊಳ್ಳಬಹುದು, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬದಿಗಳೂ ಮುಚ್ಚುವ ಸುರಕ್ಷಾ ಕನ್ನಡಕ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಮೈಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ವಿನೆಗರ್ ಹಚ್ಚುವ ಸಲಹೆ ಕೆಲವು ಕೈಪಿಡಿಗಳಲ್ಲಿದೆ. ಚರ್ಮಕ್ಕೆ ಅದು ಬೇಡ, ನೀರೇ ಮದ್ದು.

ಬೋರ್‌ವೆಲ್ ನೀರು ಸೋಪಿಗೆ ಆಗದು. ಅದರ ಸುಣ್ಣದಂಶ ಸೋಪಿನ ಜೊತೆ ಸೇರಿ ಜಿಗುಟಾದ ಕಸವಾಗುತ್ತದೆ, ಕಬ್ಬಿಣದಂಶ ಎಣ್ಣೆಯನ್ನು ಬೇಗ ಕಮಟಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ, ಅಗ್ಗವೂ ಹೌದು.

ಎಣ್ಣೆ

ಕಿಟ್‌ನ ಎಣ್ಣೆಗಳಿಗೆ ಕೊಡುವ ಬೆಲೆ ದುಬಾರಿ. ಸೋಪಿನ ಎಣ್ಣೆಗೆ ಕರ್ನಾಟಕದವರು ದೂರ ಹೋಗಬೇಕಾಗಿಯೇ ಇಲ್ಲ. ತಿಪಟೂರು, ಅರಸೀಕೆರೆಯ ಕೊಬ್ಬರಿ ಇದೆ. ಅಕ್ಕಿತೌಡಿನ ಎಣ್ಣೆ ಎಲ್ಲ ದಿನಸಿ ಅಂಗಡಿಯಲ್ಲಿದೆ. ಹರಳೆಣ್ಣೆ ಇದೆ. ಉತ್ತರ ಕನ್ನಡದ ಮುರುಗಲು ಬೀಜದಿಂದ ತೆಗೆದ ಗಟ್ಟಿ ತುಪ್ಪ, ಹೊರಗಿನವರು ಕೋಕಂ ಬಟರ್ ಎನ್ನುವುದು, ಆಫ್ರಿಕಾದಿಂದ ಬರುವ ಶಿಯಾಗಿಂತ ಸೋಪನ್ನು ಗಟ್ಟಿ ಮಾಡುತ್ತದೆ.

ಗಾಣದ ಎಣ್ಣೆಯನ್ನೇ ಹಾಕಬೇಕೆ? ಅಡುಗೆಗೆ ಗಾಣದ ಎಣ್ಣೆ ಒಳ್ಳೆಯದು ಎಂಬ ಮಾತಿಗೆ ತಕರಾರಿಲ್ಲ. ಸೋಪಿನಲ್ಲಿ ಮಾತ್ರ ಅದಕ್ಕೆ ಕೊಟ್ಟ ಹೆಚ್ಚಿನ ಹಣ ಹಿಂದಿರುಗುವುದಿಲ್ಲ. ಕಾಸ್ಟಿಕ್ ಎಣ್ಣೆಯ ಕೊಬ್ಬಿನ ಆಮ್ಲಗಳನ್ನು ನೋಡುತ್ತದೆ; ಗಾಣದ್ದಾಗಲಿ ರಿಫೈನ್ಡ್ ಆಗಲಿ ಆ ಆಮ್ಲಗಳು ಒಂದೇ. ಕೊಬ್ಬರಿಯ ಪರಿಮಳ ಕ್ರಿಯೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಬೇವಿನೆಣ್ಣೆ, ಹೊಂಗೆ ಎಣ್ಣೆಯ ವಾಸನೆ ಮಾತ್ರ ಹೋಗುವುದಿಲ್ಲ. ಬೇವು ಶೇ 5ರಿಂದ 10 ದಾಟಿದರೆ ಮನೆಯವರು ಆ ಸೋಪನ್ನು ಮುಟ್ಟುವುದಿಲ್ಲ. ಹೊಂಗೆ ಬಟ್ಟೆ ಒಗೆಯುವ ಬಾರ್ ಸೋಪಿಗೆ ಸೊಗಸಾದ ಎಣ್ಣೆ.

ತಪ್ಪಿಸಬೇಕಾದವು ಮೂರು. ತಲೆಗೆ ಹಚ್ಚಲೆಂದು ಮಾರುವ ಪರಿಮಳದ ಎಣ್ಣೆ: ಅನೇಕವುಗಳಲ್ಲಿ ಮಿನರಲ್ ಆಯಿಲ್ ಇರುತ್ತದೆ, ಅದು ಎಂದಿಗೂ ಸೋಪಾಗುವುದಿಲ್ಲ. ಎರಡು ಎಣ್ಣೆ ಬೆರೆಸಿದ ಅಡುಗೆ ಎಣ್ಣೆ: ಪ್ರಮಾಣ ಖಚಿತವಿಲ್ಲದಿದ್ದರೆ ಲೆಕ್ಕ ಹಾಕಲಾಗದು. ಮತ್ತೆ, ಅಗ್ಗವೆಂದು ಸೂರ್ಯಕಾಂತಿ ಎಣ್ಣೆಯನ್ನು ಅರ್ಧಕ್ಕರ್ಧ ಹಾಕುವುದು. ಅದರಲ್ಲಿ ಲಿನೊಲಿಯಿಕ್ ಆಮ್ಲ ಹೆಚ್ಚು, ಬೇಗ ಆಕ್ಸಿಡೀಕರಣವಾಗುತ್ತದೆ. ಎರಡು ಮೂರು ತಿಂಗಳಿಗೆ ಸೋಪಿನ ಮೇಲೆ ಕಿತ್ತಳೆ ಚುಕ್ಕೆ ಬಿದ್ದು ಹಳೇ ಹಪ್ಪಳ ಕರಿದ ಎಣ್ಣೆಯ ವಾಸನೆ ಬರುತ್ತದೆ. ಶೇ 15ರೊಳಗೆ ಇರಲಿ.

ಇನ್ನೊಂದು ಎಚ್ಚರಿಕೆ. ಪ್ಯಾಕೆಟ್ಟಿನ ಮೇಲೆ ಒಂದು ಲೀಟರ್ ಎಂದಿದ್ದರೆ ಅದು ಒಂದು ಕಿಲೋ ಅಲ್ಲ, ಸುಮಾರು 910ರಿಂದ 920 ಗ್ರಾಂ. ಲೀಟರನ್ನೇ ಕಿಲೋ ಎಂದುಕೊಂಡು ಕಾಸ್ಟಿಕ್ ಹಾಕಿದರೆ ಎಣ್ಣೆ ಶೇ 8ರಷ್ಟು ಕಡಿಮೆಯಾಯಿತು, ಸೋಪು ಚರ್ಮ ಸುಡುವಂತಾಯಿತು. ಎಲ್ಲವೂ ತೂಕದಲ್ಲೇ, ನೀರೂ ಸಹ.

ಒಂದು ಕಿಲೋ ಎಣ್ಣೆಯ ಅಳತೆ

ಕೊಬ್ಬರಿ ಎಣ್ಣೆ 350 ಗ್ರಾಂ, ಅಕ್ಕಿತೌಡಿನ ಎಣ್ಣೆ 400, ಮುರುಗಲು ತುಪ್ಪ 180, ಹರಳೆಣ್ಣೆ 70. ಪ್ರತಿ ಗ್ರಾಂ ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಬೇರೆಬೇರೆ: ಕೊಬ್ಬರಿಗೆ 0.183, ತೌಡಿನೆಣ್ಣೆಗೆ 0.133, ಮುರುಗಲಿಗೆ 0.135, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ 150.5 ಗ್ರಾಂ. ಅದರಲ್ಲಿ ಶೇ 5 ಕಳೆದರೆ 143 ಗ್ರಾಂ ಕಾಸ್ಟಿಕ್. ನೀರು ಅದರ ಎರಡರಷ್ಟು, 286 ಗ್ರಾಂ. ಸುಗಂಧ 30 ಗ್ರಾಂ ಮೀರಬಾರದು.

ಒಂದು ಎಣ್ಣೆ ಸಿಗಲಿಲ್ಲವೆಂದು ಇನ್ನೊಂದನ್ನು ಹಾಕಿದರೆ ಲೆಕ್ಕ ಹೊಸದಾಗಿ ಮಾಡಲೇಬೇಕು. ಮೇಲಿನ ಅಳತೆಯಲ್ಲಿ 350 ಗ್ರಾಂ ಕೊಬ್ಬರಿ ಎಣ್ಣೆಯ ಜಾಗಕ್ಕೆ ಹರಳೆಣ್ಣೆ ಹಾಕಿ ಕಾಸ್ಟಿಕ್ ಅಷ್ಟೇ ಇಟ್ಟರೆ 19 ಗ್ರಾಂಗೂ ಹೆಚ್ಚು ಕಾಸ್ಟಿಕ್ ಎಣ್ಣೆ ಸಿಗದೆ ಉಳಿಯುವ ಲೆಕ್ಕ. ಶೇ 5ರ ಸೂಪರ್‌ಫ್ಯಾಟ್ ಅದರಲ್ಲಿ ಏಳೆಂಟು ಗ್ರಾಂ ನುಂಗಿದರೂ ಮಿಕ್ಕದ್ದು ಸೋಪಿನಲ್ಲೇ ಕೂರುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿರುವ ಸೋಪ್‌ಕ್ಯಾಲ್ಕ್ ಈ ಕೆಲಸಕ್ಕೆ ಅತ್ಯುತ್ತಮ ಸಾಧನ. ನೋಡಲು ಹಳೆಯ ಕಾಲದ ಪುಟ, ಎಣ್ಣೆಗಳ ಪಟ್ಟಿ ಉದ್ದ, ಮೊಬೈಲಿನಲ್ಲಿ ಬಳಸಲು ಕಷ್ಟ. ಆದರೂ ನೂರಾರು ರೂಪಾಯಿಯ ಕಿಟ್ ಕೊಡದ ಭರವಸೆ ಅದು ಕೊಡುತ್ತದೆ. ಕೊಬ್ಬರಿ ಎಣ್ಣೆ ಆರಿಸುವಾಗ ‘76 ಡಿಗ್ರಿ’ (ಫ್ಯಾರನ್‌ಹೀಟ್) ಎಂದಿರುವುದನ್ನು ಆರಿಸಬೇಕು. ಕಿಟ್‌ನ ಕೈಪಿಡಿಯ ಅಳತೆಯನ್ನೂ ಒಮ್ಮೆ ಇದರಲ್ಲಿ ಹಾಕಿ ನೋಡದೆ ಕೈ ಹಾಕಬಾರದು.

ಕೆಲಸದ ಕ್ರಮ ಹೀಗೆ. ತೂಗಿದ ನೀರಿಗೆ ಕಾಸ್ಟಿಕ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಕಬೇಕು. ನೀರಿಗೆ ಸೋಡಾ, ಸೋಡಾಕ್ಕೆ ನೀರಲ್ಲ: ತಿರುವುಮುರುವಾದರೆ ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಬೆಂಕಿಯಿಲ್ಲದೆಯೇ ಅದು 80 ಡಿಗ್ರಿ ದಾಟುತ್ತದೆ, ಖಾರದ ಹಬೆ ಬರುತ್ತದೆ. ಕಿಟಕಿ ತೆರೆದಿರಲಿ, ಮುಖ ಪಾತ್ರೆಯ ಮೇಲೆ ಬಾಗದಿರಲಿ. ಅದು ತಣ್ಣಗಾಗುವಾಗ ಮುರುಗಲು ತುಪ್ಪ ಕರಗಿಸಿ ಉಳಿದ ಎಣ್ಣೆ ಸೇರಿಸಬೇಕು. ಎರಡೂ 40 ಡಿಗ್ರಿಯ ಆಸುಪಾಸಿಗೆ ಬಂದಾಗ ಕಾಸ್ಟಿಕ್ ನೀರನ್ನು ಎಣ್ಣೆಗೆ ಹೊಯ್ಯಬೇಕು. ಮುರುಗಲು ಹಾಕಿದ ಎಣ್ಣೆ 35ಕ್ಕಿಂತ ಕೆಳಗಿಳಿದರೆ ತುಪ್ಪ ಹೆಪ್ಪುಗಟ್ಟತೊಡಗುತ್ತದೆ. ಮಿಶ್ರಣ ಗಟ್ಟಿಯಾದಂತೆ ಕಾಣುತ್ತದೆ, ಸೋಪಾಗಿರುವುದಿಲ್ಲ. ಹಾಗೇ ಸುರಿದರೆ ಮರುದಿನ ಅಚ್ಚಿನ ತಳದಲ್ಲಿ ಕಾಸ್ಟಿಕ್ ನೀರು ನಿಂತಿರುತ್ತದೆ. ಧಾರವಾಡ, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಈ ಮೋಸ ಹೆಚ್ಚು.

ಕಲಕಲು ಹ್ಯಾಂಡ್ ಬ್ಲೆಂಡರ್ ಬೇಕು. 200-300 ವ್ಯಾಟ್ ಧಾರಾಳ ಸಾಕು, ಆದರೆ ಒಳಗೆ ಮುಳುಗುವ ಭಾಗ ಸ್ಟೀಲಿನದೇ ಇರಬೇಕು. ಹೊಳೆಯುವ ಎಲ್ಲವೂ ಸ್ಟೀಲಲ್ಲ, ಕೆಲವು ಮಾದರಿಗಳ ತುದಿ ಅಲ್ಯೂಮಿನಿಯಂ. ಓರೆಯಾಗಿ ಇಳಿಸಿ, ಒಳಗೆ ಸಿಕ್ಕಿದ ಗಾಳಿ ಹೊರಬಿಟ್ಟು, ನಾಲ್ಕೈದು ಸೆಕೆಂಡು ಓಡಿಸಿ, ನಿಲ್ಲಿಸಿ, ಅದರಲ್ಲೇ ಕೈಯಿಂದ ತಿರುವಿ, ಮತ್ತೆ ಓಡಿಸಬೇಕು. ಮೊದಲು ಮಜ್ಜಿಗೆಯಂತೆ, ಆಮೇಲೆ ನೀರುದೋಸೆ ಹಿಟ್ಟಿನಂತೆ, ಆಮೇಲೆ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಚಮಚದಿಂದ ಮೇಲೆ ಒಂದು ಗೆರೆ ಎಳೆದರೆ ಕ್ಷಣಕಾಲ ನಿಲ್ಲಬೇಕು, ಅದೇ ಟ್ರೇಸ್. ಎರಡು ಮೂರು ನಿಮಿಷದ ಕೆಲಸ. ಇಡ್ಲಿಹಿಟ್ಟಿನ ಹದ ದಾಟಿದರೆ ಅಚ್ಚಿನ ಮೂಲೆಗೆ ಹೋಗದೆ ಒಳಗೆ ತೂತು ಉಳಿಯುತ್ತವೆ. ಬ್ಲೆಂಡರ್ ಇಲ್ಲದೆ ಕೈಯಲ್ಲೇ ತಿರುವಿ ಮಾಡಬಹುದು, ಗಂಟೆ ಹಿಡಿಯಬಹುದು. ಒಮ್ಮೆ ಸೋಪಿಗೆ ಬಳಸಿದ ಬ್ಲೆಂಡರ್ ಮತ್ತೆ ಅಡುಗೆಗೆ ಹೋಗಬಾರದು.

ಸುಗಂಧ ಹಾಕುವುದು ಹದ ತೆಳುವಾಗಿರುವಾಗ, ಅದೂ ಕೈಯಿಂದಲೇ ಕಲಕಿ. ಲವಂಗದೆಣ್ಣೆ, ದಾಲ್ಚಿನ್ನಿ ಎಣ್ಣೆ, ಹೂವಿನ ವಾಸನೆಯ ಕೆಲವು ಕೃತಕ ಸುಗಂಧಗಳು ಕ್ರಿಯೆಯನ್ನು ಎಷ್ಟು ಚುರುಕು ಮಾಡುತ್ತವೆಂದರೆ ಅರ್ಧ ನಿಮಿಷದಲ್ಲಿ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಕೆಲವು ಸುಗಂಧಗಳಿಂದ ಮಿಶ್ರಣ ಒಡೆದು ಅನ್ನದ ಅಗುಳಿನಂತೆ ಕಾಣುತ್ತದೆ. ಅದು ಬ್ಲೆಂಡರಿನಿಂದ ಸರಿಹೋಗುತ್ತದೆ, ಕಲ್ಲಾಗಿದ್ದು ಹೋಗುವುದಿಲ್ಲ. ಅಚ್ಚಿಗೆ ಸುರಿದು, ನೆಲಕ್ಕೆ ಎರಡು ಸಲ ಕುಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 24ರಿಂದ 36 ಗಂಟೆ ಬಿಡಬೇಕು. ಹಾಳೆ ಮುಚ್ಚದಿದ್ದರೆ ಮೇಲೆ ಬೂದಿಯಂಥ ಬಿಳಿ ಪುಡಿ ಕೂರುತ್ತದೆ. ಅಪಾಯವಿಲ್ಲ, ನೋಟ ಕೆಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಂಬಳಿ ಹೊದಿಸುವುದು ಬೇಡ, ನಡುವೆ ಸೀಳು ಬಿಡುತ್ತದೆ. ಕೊಬ್ಬರಿ ಎಣ್ಣೆಯೊಂದರಲ್ಲೇ ಮಾಡಿದ ಸೋಪನ್ನು 8-10 ಗಂಟೆಯೊಳಗೇ ಕತ್ತರಿಸಬೇಕು, ತಡವಾದರೆ ಚಾಕು ಹಾಕಿದಲ್ಲಿ ಸುಣ್ಣದ ಕಡ್ಡಿಯಂತೆ ಚೂರಾಗುತ್ತದೆ. ಅಂದಹಾಗೆ ಅದಕ್ಕೆ ಶೇ 20 ಸೂಪರ್‌ಫ್ಯಾಟ್ ಬೇಕು, ಅಂದರೆ ಕಿಲೋಗೆ 146 ಗ್ರಾಂ ಕಾಸ್ಟಿಕ್. ಇಲ್ಲವಾದರೆ ಚರ್ಮವನ್ನು ಬಿರುಸಾಗಿ ಒಣಗಿಸುತ್ತದೆ.

ಅಚ್ಚು, ಬಣ್ಣ, ಪರಿಮಳ

ಹೂವಿನ ಅಚ್ಚು ಬೇಸ್‌ಗೆ ಸರಿ. ಕೋಲ್ಡ್ ಪ್ರೊಸೆಸ್‌ಗೆ ಅದು ತೊಂದರೆ: ಮೂರು ನಾಲ್ಕು ದಿನ ಬಿಡದಿದ್ದರೆ ಎಸಳಿನ ತುದಿ ಅಚ್ಚಿನಲ್ಲೇ ಉಳಿಯುತ್ತದೆ. ಉದ್ದನೆಯ ಸಿಲಿಕೋನ್ ಅಚ್ಚು, ಸುತ್ತ ಮರದ ಚೌಕಟ್ಟು ಇರುವಂಥದ್ದು ಕೊಳ್ಳಿ. ಚೌಕಟ್ಟಿಲ್ಲದ್ದು ಹೊಟ್ಟೆ ಉಬ್ಬುತ್ತದೆ. ಅಚ್ಚಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 0.7ರಿಂದ ಗುಣಿಸಿದರೆ ಎಷ್ಟು ಗ್ರಾಂ ಎಣ್ಣೆಯ ಬ್ಯಾಚ್ ಹಿಡಿಸುತ್ತದೆ ಎಂದು ತಿಳಿಯುತ್ತದೆ. 25, 8, 6.5 ಸೆಂಟಿಮೀಟರಿನ ಅಚ್ಚಿಗೆ 910 ಗ್ರಾಂ.

ಬಣ್ಣದಲ್ಲಿ ಅಡುಗೆಮನೆಯ ಜ್ಞಾನ ಕೈಕೊಡುತ್ತದೆ. ಬೀಟ್ರೂಟ್, ದಾಸವಾಳ ಕಾಸ್ಟಿಕ್‌ಗೆ ಸಿಕ್ಕು ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಅರಿಶಿನ ಮೊದಲು ಕೆಂಪಾಗಿ ಆಮೇಲೆ ಹಳದಿ ಕಿತ್ತಳೆಗೆ ನಿಲ್ಲುತ್ತದೆ, ಬೆಳಕಿನಲ್ಲಿ ಮಾಸುತ್ತದೆ. ಮಂಜಿಷ್ಠದ ಪುಡಿ ಗುಲಾಬಿಯಿಂದ ಇಟ್ಟಿಗೆ ಕೆಂಪಿನವರೆಗೆ ಕೊಡುತ್ತದೆ, ಚೆನ್ನಾಗಿ ನಿಲ್ಲುತ್ತದೆ. ಗಂಧಿಗೆ ಅಂಗಡಿಯಲ್ಲಿ ಸಿಗುವ ಇದು ಕಿಟ್‌ನ ಮೈಕಾಗಿಂತ ಮೇಲು. ಇದ್ದಿಲ ಪುಡಿ, ಕೆಂಪು ಹಾಗೂ ಹಸಿರು ಜೇಡಿ ಮಣ್ಣು ಬದಲಾಗುವುದಿಲ್ಲ. ವೆನಿಲಾ ಸುಗಂಧ ಹಾಕಿದರೆ ಯಾವ ಬಣ್ಣವಾದರೂ ಕಂದು.

ಕಿಟ್‌ನ ‘ಶ್ರೀಗಂಧದ ಎಸೆನ್ಷಿಯಲ್ ಆಯಿಲ್’ ಬಗ್ಗೆ ಎರಡು ಮಾತು. ಮೈಸೂರು ಸಂಸ್ಥಾನ ಸೋಪಿನ ಕಾರ್ಖಾನೆ ಹುಟ್ಟುಹಾಕಿದ ನಾಡು ಇದು, ಗಂಧದೆಣ್ಣೆಯ ಬೆಲೆ ಇಲ್ಲಿ ತಿಳಿಯದ್ದೇನಲ್ಲ. ಕಿಲೋಗೆ ಲಕ್ಷದ ಲೆಕ್ಕದಲ್ಲಿ ಮಾರುವ ಎಣ್ಣೆ ನೂರು ರೂಪಾಯಿ ಬಾಟಲಿಯಲ್ಲಿ ಬರಲು ಸಾಧ್ಯವಿಲ್ಲ. ಅದು ಕೃತಕ ಸುಗಂಧ. ಕೃತಕವೆಂದು ಕೆಟ್ಟದ್ದೇನಲ್ಲ, ಲೇಬಲ್ ಮೇಲೆ ಹಾಗೆಂದು ಹೇಳಬೇಕು. ಕೊಳ್ಳುವಾಗ ಐಎಫ್‌ಆರ್‌ಎ (ಅಂತರರಾಷ್ಟ್ರೀಯ ಸುಗಂಧ ಸಂಘ) ಪತ್ರ ಕೇಳಿ. ತೊಳೆದು ಹೋಗುವ ಸೋಪು ಅದರಲ್ಲಿ 9ನೇ ವರ್ಗದಲ್ಲಿ ಬರುತ್ತದೆ, ಶೇಕಡಾ ಎಷ್ಟು ಹಾಕಬಹುದೆಂದು ಅಲ್ಲಿ ಬರೆದಿರುತ್ತದೆ. ಊದುಬತ್ತಿಗೆಂದು ಮಾಡಿದ ಸುಗಂಧ ಬೆಂಗಳೂರು, ಮೈಸೂರಿನಲ್ಲಿ ಅಗ್ಗವಾಗಿ ಸಿಗುತ್ತದೆ. ಅದು ಉರಿಸಲು ಮಾಡಿದ್ದು, ಮೈಗೆ ಹಚ್ಚಲು ಅಲ್ಲ. ಲಾವಂಚ, ಪಚೋಲಿ, ನಿಂಬೆಹುಲ್ಲಿನ ಎಣ್ಣೆ ಸೋಪಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ. ಕಿತ್ತಳೆ, ನಿಂಬೆಯ ವಾಸನೆ ಮಾಗುವಷ್ಟರಲ್ಲೇ ಹಾರಿಹೋಗುತ್ತದೆ.

ಮಾಗುವ ಕಾಲ, ಮಾರುವ ಲೆಕ್ಕ

ಮೇಲಿನ ಒಂದು ಕಿಲೋ ಎಣ್ಣೆಯ ಅಳತೆಯಿಂದ 12 ಬಾರ್ ಬರುತ್ತವೆ. ಎರಡು ಬೆರಳಿನ ಸಂದು ಬಿಟ್ಟು, ಬಿಸಿಲು ಬೀಳದ, ಗಾಳಿಯಾಡುವ ಕಡೆ ಕನಿಷ್ಠ 4ರಿಂದ 6 ವಾರ ಮಾಗಬೇಕು. ಕಬ್ಬಿಣದ ಜಾಲರಿ ಬೇಡ, ತುಕ್ಕು ತಾಗಿದಲ್ಲಿ ಕಿತ್ತಳೆ ಚುಕ್ಕೆ ಏಳುತ್ತದೆ. ಒಂದು ಬಾರ್‌ಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಮಾಗಿದೆ ಎಂದು ತಿಳಿಯಬಹುದು. ಮಳೆಗಾಲದಲ್ಲಿ ಎಂಟು ವಾರವೂ ಬೇಕಾದೀತು, ಫ್ಯಾನ್ ಹಾಕಬೇಕು. ಒದ್ದೆ ಬೆರಳಿನಿಂದ ಸೋಪು ಉಜ್ಜಿ ನಾಲಿಗೆ ತುದಿಗೆ ತಾಗಿಸಿದಾಗ ಚುರ್ರೆಂದು ವಿದ್ಯುತ್ ತಗುಲಿದಂತಾದರೆ ಕಾಸ್ಟಿಕ್ ಉಳಿದಿದೆ. ಪಿಎಚ್ ಪಟ್ಟಿ 9ರಿಂದ 10 ತೋರಿಸುವುದು ಸಹಜ. ‘ಪಿಎಚ್ 5.5ರ ಕೈಸೋಪು’ ಎಂದು ಮಾರುವವರು ಒಂದೋ ಅಳೆದಿಲ್ಲ, ಇಲ್ಲವೇ ಅದು ನಿಜವಾದ ಸೋಪಲ್ಲ.

ಮಾರುವವರಿಗೆ ಮೊದಲು ಎದುರಾಗುವುದು ಜಾಗದ ಪ್ರಶ್ನೆ. ವಾರಕ್ಕೆ ನಾಲ್ಕು ಬ್ಯಾಚ್ ಮಾಡಿದರೆ 48 ಬಾರ್. ಆರು ವಾರ ಮಾಗಬೇಕೆಂದರೆ ಯಾವಾಗಲೂ 288 ಬಾರ್ ಕಪಾಟಿನಲ್ಲಿರುತ್ತವೆ, ಸಂದು ಸೇರಿ ಎರಡು ಚದರ ಮೀಟರಿಗೂ ಹೆಚ್ಚು ಹಲಗೆ ಬೇಕು, ಅಷ್ಟು ಎಣ್ಣೆಯ ಹಣವೂ ಅಲ್ಲೇ ಕೂತಿರುತ್ತದೆ. ದೀಪಾವಳಿಯ ಆರ್ಡರಿಗೆ ಆಗಸ್ಟ್‌ನಲ್ಲೇ ಕೆಲಸ ಹಿಡಿಯಬೇಕು, ಅದು ಮಳೆಗಾಲ. ಬೆಲೆ ಕಟ್ಟುವಾಗ ಎಣ್ಣೆ, ಕಾಸ್ಟಿಕ್, ಸುಗಂಧ, ಕಾಗದ, ಕೂಲಿ ಇವುಗಳ ಜೊತೆ ಹತ್ತರಲ್ಲಿ ಒಂದು ಬಾರ್ ಮುರಿದದ್ದಕ್ಕೂ ಮಾದರಿ ಕೊಟ್ಟದ್ದಕ್ಕೂ ಹೋಗುತ್ತದೆ ಎಂದು ಸೇರಿಸಿಕೊಳ್ಳಬೇಕು. ಸುಗಂಧವೇ ಎಷ್ಟೋ ಸಲ ಎಣ್ಣೆಗಿಂತ ದುಬಾರಿ ಬೀಳುತ್ತದೆ.

ಕಿಟ್ ಮಾರುವವರು ‘ಮನೆಯಲ್ಲೇ ವ್ಯಾಪಾರ ಆರಂಭಿಸಿ’ ಎಂದು ಬರೆಯುತ್ತಾರೆ, ಪರವಾನಗಿಯ ಮಾತು ಬರೆಯುವುದಿಲ್ಲ. ಭಾರತದಲ್ಲಿ ಮೈಗೆ ಹಚ್ಚುವ ಸೋಪು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ ಅಡಿ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಪರವಾನಗಿ ಬೇಕು. ಅದಕ್ಕೆ ಪ್ರತ್ಯೇಕ ಜಾಗ, ಅರ್ಹತೆ ಇರುವ ಒಬ್ಬರ ಉಸ್ತುವಾರಿ ಕೇಳುತ್ತಾರೆ. ಅಷ್ಟು ಕೂಡಲೇ ಆಗದವರು ಪರವಾನಗಿ ಇರುವ ಬೇರೆ ಘಟಕದಲ್ಲಿ ಲೋನ್ ಲೈಸೆನ್ಸ್ ಮೇಲೆ ಮಾಡಿಸಬಹುದು. ಬೇಸ್ ಕರಗಿಸಿ ಮಾಡಿದ್ದಕ್ಕೆ ಇದೆಲ್ಲ ಬೇಡ ಎನ್ನುವುದು ತಪ್ಪು ತಿಳಿವಳಿಕೆ. ಇಸುಬು ಹೋಗುತ್ತದೆ, ಮೊಡವೆ ವಾಸಿಯಾಗುತ್ತದೆ ಎಂದು ಲೇಬಲ್ಲಿನಲ್ಲಿ ಬರೆದರೆ ಅದು ಔಷಧದ ಹಕ್ಕುಸಾಧನೆಯಾಗುತ್ತದೆ, ಬೇರೆಯದೇ ಕಾನೂನಿನ ತೊಡಕು.

ಲೇಬಲ್ಲಿನಲ್ಲಿ ಪದಾರ್ಥಗಳು, ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ಬಳಕೆಯ ಅವಧಿ, ಪರವಾನಗಿ ಸಂಖ್ಯೆ, ವಿಳಾಸ, ಗರಿಷ್ಠ ಬೆಲೆ, ನಿವ್ವಳ ತೂಕ ಇರಬೇಕು. ಹೊಸಬರು ಸಿಕ್ಕಿಬೀಳುವುದು ಕೊನೆಯದರಲ್ಲಿ. ಕತ್ತರಿಸಿದ ದಿನ 100 ಗ್ರಾಂ ಇದ್ದ ಬಾರ್ ಮಾಗುವಷ್ಟರಲ್ಲಿ ಸುಮಾರು 90ಕ್ಕೆ ಇಳಿದಿರುತ್ತದೆ, ಅಂಗಡಿಯ ಕಪಾಟಿನಲ್ಲಿ ಇನ್ನಷ್ಟು ಇಳಿಯುತ್ತದೆ. 100 ಗ್ರಾಂ ಎಂದು ಅಚ್ಚು ಹಾಕಿಸುವ ಮೊದಲು ಹಸಿ ಬಾರ್ ಅನ್ನು 115 ಗ್ರಾಂಗೆ ಕತ್ತರಿಸುವ ಪೆಟ್ಟಿಗೆ ಮಾಡಿಸಿಕೊಳ್ಳಬೇಕು.